ಹೊಸ ಯಂತ್ರಕ್ಕೆ ಮಮ್ಮುಂಞಿಯವರ ಪರೀಕ್ಷೆ
ಉಪ್ಪಳದ ಮುದ್ರಣಾಲಯದ ಯಜಮಾನರಾದ ಮಮ್ಮುಂಞಿಯವರು, ಮಗಳಿಗೆ ವರ ನೋಡುವವರಂತೆ, ಮೂರು ಸಲ ಪರಿಶೀಲಿಸದೆ ಯಾವ ಹೊಸ ಯಂತ್ರವನ್ನೂ ಒಳಗೆ ಬಿಟ್ಟವರಲ್ಲ. ಬಂದದ್ದು ಹಳೆಯದರ ಪಕ್ಕದಲ್ಲಿ ಒಂದು ವರ್ಷ ದುಡಿದು ತೋರಿಸಬೇಕೆಂಬುದು ಅವರ ಶಾಸನ. ಮಾರಲು ಬಂದವರ ಹೊಗಳಿಕೆಗೆಲ್ಲ ಅವರದು ಒಂದೇ ಪ್ರಶ್ನೆ: “ಅದೆಲ್ಲ ಸರಿ ಮಾರಾಯ, ಕರೆಂಟ್ ಹೋದರೆ ಇದು ಎಂತ ಮಾಡ್ತದೆ?” 2003ರಲ್ಲಿ ಕಂಪ್ಯೂಟರ್ ಬಂದಾಗ, ಇಪ್ಪತ್ತಾರು ವರ್ಷ ಅಚ್ಚುಮೊಳೆ ಜೋಡಿಸಿದ್ದ ವಸುಮತಿಯವರು ತಮ್ಮ ಕೆಲಸ ಹೋಯಿತೆಂದೇ ತಿಳಿದರು. “ಇನ್ನು ಈ ಹೆಂಗಸು ಬೇಡ” ಎಂದು ಮಾರಾಟಗಾರ ಅವರೆದುರೇ ನಾಚಿಕೆಯಿಲ್ಲದೆ ಹೇಳಿದ್ದ. ಮಮ್ಮುಂಞಿಯವರು ವಾರವಿಡೀ ವಸುಮತಿಯವರ ಬಳಿ ಕುಳಿತು, ಮೊಳೆಪೆಟ್ಟಿಗೆಯಲ್ಲಿ ಅವರ ಕೈ ಯಾವ ಅಕ್ಷರಕ್ಕೆ ಯಾವ ಕಡೆ ಹೋಗುತ್ತದೆಂದು ಬರೆದುಕೊಂಡರು. ಎಂಟನೆಯ ದಿನ ನೋಡಿದರೆ, ಕೀಲಿಮಣೆಯ ಅಕ್ಷರಗಳನ್ನೆಲ್ಲ ತಂತ್ರಜ್ಞನಿಂದ ಅದೇ ಕ್ರಮಕ್ಕೆ ಬದಲಾಯಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿಟ್ಟಿದ್ದರು. “ಅಕ್ಕಾ, ನಿಮ್ಮ ಕೈಗೆ ದಾರಿ ಗೊತ್ತುಂಟು. ಕಲಿಯಬೇಕಾದ್ದು ಮೆಶಿನು.” ವಸುಮತಿಯವರ ಬೆರಳುಗಳು ತಡವರಿಸದೆ ಓಡಿದವು, ಕಣ್ಣು ಮಾತ್ರ ಮಂಜಾಯಿತು. ಅದನ್ನು ಮರೆಮಾಚಲು ಅವರು ಕೆಣಕಿದರು: “ಕರೆಂಟ್ ಹೋದರೆ ಎಂತ ಮಾಡುದು ಸಾಹೇಬ್ರೇ?” “ಎಂತ ಮಾಡ್ಲಿಕ್ಕುಂಟು? ಹಳೆ ಮೊಳೆಪೆಟ್ಟಿಗೆ ಅಲ್ಲೇ ಉಂಟು, ನೀವೂ ಇದ್ದೀರಿ.”