ಅತ್ತಿಗೆ ಸೋಲೊಪ್ಪಿಕೊಂಡ ಭಾನುವಾರ

ನಮ್ಮಣ್ಣ ಲಿಫ್ಟ್ ರಿಪೇರಿ ಮಾಡುವವನು. ಅತ್ತಿಗೆ ಗಾರ್ಮೆಂಟ್ಸ್‌ನಲ್ಲಿ ಹೊಲಿದು ಬಂದ ಅಂಗಿಗಳನ್ನು ತಿರುವಿ ಮುರುವಿ ನೋಡಿ, ತಪ್ಪಿದ್ದರೆ ವಾಪಸು ಎಸೆಯುವವಳು. ಇಬ್ಬರಿಗೂ ಹುಳುಕು ಹುಡುಕುವುದೇ ಹೊಟ್ಟೆಪಾಡು. ಇಂಥ ಎರಡು ಜೀವಗಳ ಮುಂದೆ ಒಂದು ಟಿವಿ ಇಟ್ಟರೆ ಏನಾಗುತ್ತದೆಂದು ನನ್ನನ್ನು ಕೇಳಿ. ಗಂಡ ಸತ್ತ ಮೇಲೆ ನಾನು ಅವರ ಜೊತೆಗೇ ಇದ್ದವಳು.

ಭಾನುವಾರ ಸಂಜೆ ಒಂದು ಸೀರಿಯಲ್ ಬರುತ್ತಿತ್ತು. ಆಕಾಶದಲ್ಲಿ ಒಂದು ಹಡಗು, ಅದಕ್ಕೊಬ್ಬ ಕ್ಯಾಪ್ಟನ್, ಅದನ್ನು ರಿಪೇರಿ ಮಾಡಿಕೊಂಡಿರುವ ಒಬ್ಬ ಇಂಜಿನಿಯರಮ್ಮ. ಹಡಗಿನಲ್ಲಿದ್ದವರೆಲ್ಲ ಹೊಸ ಭೂಮಿ ಹುಡುಕಿಕೊಂಡು ಹೊರಟವರು. ಸೀರಿಯಲ್ ಮುಗಿದದ್ದೇ ತಡ, ಇವರ ವಾದ ಶುರು. ಗಾಳಿಯೇ ಇಲ್ಲದ ಕಡೆ ಬೆಂಕಿ ಹೇಗೆ ಹತ್ತಿತು, ಹೋದ ವಾರ ಹೆದರುಪುಕ್ಕಲನಾಗಿದ್ದವನಿಗೆ ಈ ವಾರ ಧೈರ್ಯ ಎಲ್ಲಿಂದ ಬಂತು, ಹೀಗೆ. ಸೋತವರು ಪಾತ್ರೆ ತೊಳೆಯಬೇಕು, ಅದು ಮನೆಯ ಕಾನೂನು. ಅತ್ತಿಗೆಯೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು. ಒಮ್ಮೆ ಆ ಹಡಗಿನಲ್ಲಿದ್ದ ಯಂತ್ರದ ಮನುಷ್ಯನಿಗೆ ಅಳು ಬರುತ್ತದೋ ಇಲ್ಲವೋ ಎಂಬ ಜಗಳದಲ್ಲಿ ಮಂಗಳವಾರದವರೆಗೂ ಸಿಂಕ್ ತುಂಬಿಕೊಂಡು ನಾರುತ್ತಿತ್ತು. ಕೊನೆಗೆ ಅಣ್ಣನೇ ತೊಳೆದ. ಯಾವಾಗಲೂ ಅವನೇ ತೊಳೆಯುತ್ತಿದ್ದ.

ಆ ವರ್ಷ ಅವರ ಮಗಳು ಬಸುರಿ. ಹಿಂದೆ ಎರಡು ಸಲ ಬಸಿರು ನಿಂತದ್ದು ಇಳಿದುಹೋಗಿತ್ತು. ಹಾಸಿಗೆ ಬಿಟ್ಟು ಏಳಬಾರದು, ಮನಸ್ಸಿಗೆ ಯಾವ ಆಘಾತವೂ ಆಗಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅದೇ ದಿನಗಳಲ್ಲಿ ಅತ್ತಿಗೆ ಫ್ಯಾಕ್ಟರಿ ಹತ್ತಿರದ ಆಸ್ಪತ್ರೆಗೆ ಒಬ್ಬಳೇ ಹೋಗಿ ಹೊಟ್ಟೆನೋವು ತೋರಿಸಿಕೊಂಡು ಬಂದಿದ್ದಳು. ಒಳಗೆ ಗೆಡ್ಡೆಯಿದೆ, ತಡಮಾಡಬೇಡಿ ಎಂದರಂತೆ. ಮಗಳ ಹೆರಿಗೆಯೊಂದು ಆಗಿಬಿಡಲಿ ಎಂದು ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು. ನಮಗೆ ಇದೆಲ್ಲ ಗೊತ್ತಾದದ್ದು ಆಮೇಲೆ.

ಆಗಲೇ ಸೀರಿಯಲ್ಲಿನಲ್ಲಿ ಇಂಜಿನಿಯರಮ್ಮನೂ ಒಂದು ವಿಷಯ ಮುಚ್ಚಿಟ್ಟಳು. ಹಡಗಿನ ತಳದಲ್ಲಿ ಬಿರುಕು ಬಿಟ್ಟಿತ್ತು. ಹೇಳಿದರೆ ಕ್ಯಾಪ್ಟನ್ ಹಡಗನ್ನು ಹಿಂದಕ್ಕೆ ತಿರುಗಿಸುತ್ತಾನೆ, ಹೊಸ ಭೂಮಿ ಕೈತಪ್ಪುತ್ತದೆ. ತಾನೇ ಗುಟ್ಟಾಗಿ ಬೆಸುಗೆ ಹಾಕುತ್ತಾ ಹಾಕುತ್ತಾ ಸತ್ತಳು. ಅಣ್ಣ ಕೆಂಡವಾದ.

"ಒಂದು ಸ್ಕ್ರೂ ಸಡಿಲ ಆದ್ರೂ ಓಡಿಹೋಗಿ ಹೇಳ್ತಿದ್ದೋಳು ಇಷ್ಟು ದೊಡ್ಡದನ್ನ ಮುಚ್ಚಿಡ್ತಾಳಾ? ಬರೆದೋನಿಗೆ ತಲೆ ಇಲ್ಲ" ಎಂದ.

"ಸಣ್ಣದನ್ನ ಯಾರು ಬೇಕಾದ್ರೂ ಹೇಳ್ತಾರೆ ರೀ. ದೊಡ್ಡದನ್ನ ಹೇಳೋದು ಕಷ್ಟ" ಎಂದಳು ಅತ್ತಿಗೆ.

ಕಷ್ಟವಾದರೇನಂತೆ, ಅವಳ ಸ್ವಭಾವ ಅದಲ್ಲ, ಒಬ್ಬ ಮನುಷ್ಯ ಒಂದೇ ವಾರದಲ್ಲಿ ಬದಲಾಗುವುದಿಲ್ಲ ಎಂದು ಅಣ್ಣ ತೊಡೆ ತಟ್ಟಿಕೊಂಡು ಕೂತ. ಇನ್ನು ಬುಧವಾರದವರೆಗೆ ಸಿಂಕ್ ಖಾಲಿಯಾಗುವುದಿಲ್ಲ ಎಂದುಕೊಂಡೆ ನಾನು. ಆದರೆ ಅತ್ತಿಗೆ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು.

"ಆಯ್ತು, ನೀವೇ ಗೆದ್ರಿ" ಎಂದು ಎದ್ದು ಪಾತ್ರೆಗೆ ಹೋದಳು.

ಅಣ್ಣ ಹಿಗ್ಗಿ ಹೀರೇಕಾಯಿಯಾದ. ಮಗಳಿಗೆ ಫೋನು ಮಾಡಿ ಹೇಳಿದ, ಎದುರು ಮನೆಯವರಿಗೂ ಹೇಳಿದ. ಆಕಾಶದ ಹಡಗಿನ ಪ್ರತಿ ತಪ್ಪನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಿಡಿಯುತ್ತಿದ್ದ ಮಹಾಶಯನಿಗೆ ಇದೊಂದು ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆಯೇ? ಅವನಿಗೊಬ್ಬನಿಗೇ ಏಕೆ ಬಯ್ಯಲಿ, ಅತ್ತಿಗೆ ಸಿಂಕಿನ ಅಂಚು ಹಿಡಿದು ನಿಂತದ್ದನ್ನು ಕಂಡೂ ನಾನು ದಣಿವು ಅಂದುಕೊಂಡೆ.

ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಮಗು, ಗುಂಡುಗುಂಡಗೆ. ಅತ್ತಿಗೆ ಅದನ್ನು ಎತ್ತಿಕೊಂಡು ಮುದ್ದಾಡಿದಳು, ನೀರೆರೆದಳು, ಅದರ ಉಗುರನ್ನೂ ತಾನೇ ಕತ್ತರಿಸಿದಳು. ಆಮೇಲೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದವಳು ಮತ್ತೆ ನೆಟ್ಟಗೆ ನಿಲ್ಲಲಿಲ್ಲ. ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು. ಆ ಮಾತು ಕೇಳಿ ಅಣ್ಣ ಆಸ್ಪತ್ರೆ ಹಾಸಿಗೆಯ ಪಕ್ಕ ಕೂತು, ಬೆರಳಿಗೆ ಸೂಜಿ ಚುಚ್ಚಿದರೂ ಮನೆಯೆಲ್ಲ ಕೇಳುವಂತೆ ಕೂಗುತ್ತಿದ್ದವಳು ಇದನ್ನು ಹೇಗೆ ನುಂಗಿಕೊಂಡೆ ಎಂದು ಬಯ್ದ. ಬಯ್ಯುತ್ತಲೇ ಅತ್ತ.

ಅತ್ತಿಗೆಗೆ ನಗಲು ಶಕ್ತಿಯಿರಲಿಲ್ಲ, ಆದರೂ ನಕ್ಕಳು.

"ನಾನು ಸೋತೆ ಅಂದಾಗ್ಲೇ ನಿಮಗೆ ಅನುಮಾನ ಬರಬೇಕಿತ್ತು" ಎಂದಳು.

ಆ ವಾರವೇ ಹೋದಳು.

ಟಿವಿಯ ಮೇಲೆ ಬಹಳ ದಿನ ಬಟ್ಟೆ ಹೊದಿಸಿಯೇ ಇತ್ತು. ಸೀರಿಯಲ್ಲಿನ ಮುಂದಿನ ಭಾಗ ಶುರುವಾದಾಗ ಮಗಳು ಕೂಸನ್ನೆತ್ತಿಕೊಂಡು ಬಂದು, ಅಪ್ಪನನ್ನು ಒತ್ತಾಯ ಮಾಡಿ ಕೂರಿಸಿದಳು. ನೋಡಿದರೆ, ಸತ್ತುಹೋಗಿದ್ದ ಇಂಜಿನಿಯರಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು! ಹೇಗೆ ಬದುಕಿದಳು, ಇಷ್ಟು ದಿನ ಎಲ್ಲಿದ್ದಳು, ಒಂದೂ ಹೇಳಲಿಲ್ಲ. ಕ್ಯಾಪ್ಟನ್ನೂ ಕೇಳಲಿಲ್ಲ. ಇಷ್ಟು ದೊಡ್ಡ ಹುಳುಕು ಸಿಕ್ಕಿದರೆ ಅಣ್ಣ ಹಳೆಯ ಅಣ್ಣನಾದಾನು ಎಂಬ ಆಸೆಯಿಂದ ನಾನೇ ಕೆಣಕಿದೆ.

"ಇದೆಂಥ ಕಥೆಯೋ ಅಣ್ಣಾ? ಸತ್ತೋಳು ಹೀಗೆ ಎದ್ದು ಬರ್ತಾಳಾ?"

ಅಣ್ಣ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಬರ್ಲಿ ಬಿಡೇ" ಎಂದ. "ಬಂದ್ರೆ ಯಾರಿಗೇನು ನಷ್ಟ?"

ಎದ್ದು ಹೋಗಿ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದ.