ಮೊದಲು ನಕಲು, ಆಮೇಲೆ ಪಾಲು

ನಮ್ಮ ಶಾಲೆಯ ಜೀವಶಾಸ್ತ್ರದ ಮೇಷ್ಟ್ರ ಕಣ್ಣಿಗೆ ಲೋಕವೆಲ್ಲ ಒಂದೇ ಒಂದು ಜೀವಕೋಶ. ಯಾರಾದರೂ ತಡವಾಗಿ ಬಂದರೆ ಬಾಗಿಲಿಗೆ ಕೈ ಅಡ್ಡ ಹಿಡಿದು, "ನಾನು ಕೋಶದ ಪೊರೆ, ಯಾರನ್ನ ಒಳಗೆ ಬಿಡ್ಬೇಕು ಅಂತ ನಂಗೊತ್ತು" ಎಂದು ಗದರುತ್ತಾರೆ. ಕೊನೆಗೆ ಬಿಡುವುದೇನೋ ಎಲ್ಲರನ್ನೂ. ಬಸ್ಸಿನ ನೂಕುನುಗ್ಗಲಲ್ಲೂ ಬಾಯಿ ಸುಮ್ಮನಿರದು: "ಖಾಲಿ ಕಡೆಗೆ ತಾನಾಗೇ ಹೋಗ್ಬಹುದು, ಗುಂಪಿನೊಳಕ್ಕೆ ನುಗ್ಗೋಕೆ ಶಕ್ತಿ ಖರ್ಚಾಗುತ್ತೆ ಕಣ್ರೋ!" ಆ ಶಕ್ತಿಯ ನೆಪದಲ್ಲೇ, ಕೋಶದೊಳಗೆ ಅದನ್ನು ತಯಾರಿಸುವ ಮೈಟೋಕಾಂಡ್ರಿಯಾಗಳು ಒಲೆ ಹೊತ್ತಿಸಿಕೊಂಡು ಕಾಯುತ್ತಿವೆಯೆಂದು ಎರಡನೆಯ ಪಿರಿಯಡ್ಡಿಗೇ ಊಟದ ಡಬ್ಬಿ ಖಾಲಿ ಮಾಡುತ್ತಾರೆ. ಕೋಶವಿಭಜನೆಯ ಪಾಠದ ದಿನವಂತೂ ಬ್ಯಾಗಿನ ತುಂಬ ಉಣ್ಣೆಯ ಕಾಲುಚೀಲ ತರುತ್ತಾರೆ. ಅವೇ ವರ್ಣತಂತುಗಳು. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಜೊತೆ ಮಾಡಿ ಮೇಜಿನ ನಡುವೆ ಸಾಲಾಗಿಟ್ಟು, ಒಂದನ್ನು ಆಚೆಗೆ ಇನ್ನೊಂದನ್ನು ಈಚೆಗೆ ಎಳೆದು, "ಮೊದಲು ನಕಲು, ಆಮೇಲೆ ಪಾಲು! ಅದಕ್ಕೇ ಇಲ್ಲಿ ಜಗಳವೇ ಇಲ್ಲ" ಎಂದು ಇಲ್ಲದ ಮೀಸೆ ತಿರುವುತ್ತಾರೆ. ಈ ಸಲ ಮುಂದಿನ ಬೆಂಚಿನ ಹುಡುಗಿ, "ಇಷ್ಟೊಂದು ಕಾಲುಚೀಲ ಎಲ್ಲಿಂದ ಬಂತು ಸಾರ್?" ಎಂದು ಕೇಳಿದಳು. "ನಮ್ಮಮ್ಮ ಹೆಣೆದಿದ್ದು. ನಂಗೂ ನನ್ನ ತಮ್ಮಂಗೂ ಮನೆ ಪಾಲಾದಾಗ, ಜಗಳ ಬೇಡ ಅಂತ ಎಲ್ಲಾನೂ ಎರಡೆರಡು ಜೊತೆ ಹೆಣೆದ್ಲು. ಪಾಠಕ್ಕೆ ಅಂತ ತಮ್ಮಂದೂ ಇಸ್ಕೊಂಡು ಬರ್ತೀನಿ." "ಮತ್ತೆ ಅಮ್ಮ ಯಾರ ಪಾಲಿಗೆ ಬಂದ್ರು ಸಾರ್?" ಮೇಷ್ಟ್ರು ಕೈಯಲ್ಲಿದ್ದ ಒಂಟಿ ಕಾಲುಚೀಲವನ್ನು ಅದರ ಜೋಡಿಯ ಪಕ್ಕಕ್ಕೆ ಇಟ್ಟರು. ಆಮೇಲೆ ನಕ್ಕರು. "ಅಮ್ಮನ್ನ ನಕಲು ಮಾಡೋಕಾಗ್ಲಿಲ್ಲ ಕಣಮ್ಮ. ಅದಕ್ಕೇ ನಡುಗೋಡೆಗೆ ಒಂದು ಬಾಗಿಲು ಇಡಿಸಿದ್ವಿ. ಆ ಬಾಗಿಲಿಗೆ ಚಿಲಕ ಇಲ್ಲ."