ಇಂಗ್ಲೆಂಡಿನಲ್ಲಿ ಕುರಿಗಳು ಹೆಚ್ಚಾದ ವರ್ಷ

ಆ ಗುರುವಾರ ಮಾಡಿದ ಕೆಲಸಗಳು ನನ್ನ ದಿನಚರಿಯಲ್ಲಿ ಹೀಗಿವೆ. ಒಲೆಯ ಬೂದಿ ತೆಗೆದದ್ದು. ಹನ್ನೊಂದು ರೊಟ್ಟಿ ಬಡಿದದ್ದು. ಅತ್ತೆಯವರ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದು. ಹೆಸರುಕಾಳು ನೆನೆಯಿಟ್ಟದ್ದು. ಯಜಮಾನರ ಅಂಗಿಗೆ ಗುಂಡಿ ಹಚ್ಚಿದ್ದು. ಎಂಟೂಕಾಲರ ಬಸ್ಸು ಹಿಡಿದದ್ದು. ಬಸ್ಸಿನಲ್ಲಿ ನಾಲ್ಕು ಉತ್ತರಪತ್ರಿಕೆ ತಿದ್ದಿದ್ದು. ಈ ಕೊನೆಯ ಸಾಲಿನ ಮುಂದೆ ಕೆಂಪು ಮಸಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.

ಅದು 1979ರ ಡಿಸೆಂಬರ್. ಬಾದಾಮಿಯಿಂದ ವರ್ಗವಾಗಿ ಇಳಕಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಇಂಗ್ಲಿಷ್ ಸಹಶಿಕ್ಷಕಿಯಾಗಿ, ಅಲ್ಲಿಯವರ ಮಾತಿನಲ್ಲಿ ‘ಅಕ್ಕಾರು’ ಆಗಿ, ಬಂದು ನನಗದು ನಾಲ್ಕನೆಯ ವರ್ಷ. ಮನೆ ಹುನಗುಂದದಲ್ಲಿ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹತ್ತನೆಯ ತರಗತಿಯಲ್ಲಿ ನಲವತ್ತೊಂದು ಹುಡುಗಿಯರಿದ್ದರು. ಪಬ್ಲಿಕ್ ಪರೀಕ್ಷೆಗೆ ಮೊದಲು ಶಾಲೆಯಲ್ಲಿಯೇ ಒಂದು ಪೂರ್ವಸಿದ್ಧತಾ ಪರೀಕ್ಷೆ ನಡೆಸಿ, ಅದನ್ನು ನೋಡಿ ಯಾರ ಹೆಸರು ಕಳಿಸಬೇಕು, ಯಾರನ್ನು ಒಂದು ವರ್ಷ ತಡೆಯಬೇಕು ಎಂದು ಹೆಡ್‌ಮಾಸ್ತರರು ತೀರ್ಮಾನಿಸುತ್ತಿದ್ದರು. ಇಂಗ್ಲಿಷ್ ಪ್ರಶ್ನೆಪತ್ರಿಕೆ ತೆಗೆದವಳು ನಾನು. ಕೋಣೆಯಲ್ಲಿ ಮೇಲ್ವಿಚಾರಣೆಗೆ ನಿಂತವಳೂ ನಾನೇ.

ಪತ್ರಿಕೆಯಲ್ಲಿ ಎರಡು ಭಾಗ. ಮೊದಲನೆಯದು ವ್ಯಾಕರಣ: ಕಾಲಗಳು, ಕರ್ತರಿ ಕರ್ಮಣಿ ಪ್ರಯೋಗ, ಖಾಲಿ ಜಾಗ ತುಂಬುವುದು. ಎರಡನೆಯದು ಇಂಗ್ಲಿಷ್ ಮಾತನಾಡುವ ದೇಶಗಳ ಬಗೆಗಿನ ಸಾಮಾನ್ಯಜ್ಞಾನ. ಅದರಲ್ಲಿ ಹತ್ತು ಅಂಕದ ಪ್ರಶ್ನೆ, ಇಂಗ್ಲೆಂಡಿನ ಕುರಿತು ಹತ್ತು ವಾಕ್ಯ ಬರೆಯಿರಿ ಎಂಬುದು.

ಬಸ್ಸು ಕುಲುಕುತ್ತಿದ್ದಾಗ ನೋಡಿದ ಒಂದು ಉತ್ತರಪತ್ರಿಕೆಯಲ್ಲಿ ಹೀಗಿತ್ತು. ಲಂಡನ್ ಇಂಗ್ಲೆಂಡಿನ ರಾಜಧಾನಿ. ಅದು ಥೇಮ್ಸ್ ನದಿಯ ದಂಡೆಯ ಮೇಲಿದೆ. ಅಲ್ಲಿ ರಾಣಿ ಇದ್ದಾಳೆ. ಜನ ದಿನಕ್ಕೆ ಹಲವು ಸಲ ಚಹಾ ಕುಡಿಯುತ್ತಾರೆ. ಅಲ್ಲಿ ಉತ್ತರ, ದಕ್ಷಿಣ ಎಂಬ ಎರಡು ದೊಡ್ಡ ದ್ವೀಪಗಳಿವೆ. ಮನುಷ್ಯರಿಗಿಂತ ಕುರಿಗಳು ಹೆಚ್ಚು. ಮೂಲನಿವಾಸಿಗಳು ಮಾವೊರಿಗಳು. ಕಿವಿ ಎಂಬ ಹಕ್ಕಿಗೆ ಹಾರಲು ಬರುವುದಿಲ್ಲ.

ಮೊದಲ ನಾಲ್ಕು ವಾಕ್ಯ ಇಂಗ್ಲೆಂಡ್, ಉಳಿದದ್ದೆಲ್ಲ ನ್ಯೂಜಿಲೆಂಡ್. ನಕ್ಕು ಅಂಕ ಕಳೆದೆ. ಸ್ಟಾಫ್ ರೂಮಿನಲ್ಲಿ ಕೂತು ಇನ್ನೊಂದು ಪತ್ರಿಕೆ ತೆಗೆದರೆ ಅದರಲ್ಲೂ ಎರಡು ದ್ವೀಪ, ಅದೇ ಕುರಿ, ಅದೇ ಹಾರದ ಹಕ್ಕಿ. ಆಗ ನಗು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಥವು ಆರಾದವು. ಪದಕ್ಕೆ ಪದ ಒಂದೇ, ವಾಕ್ಯಗಳ ಅನುಕ್ರಮವೂ ಒಂದೇ. ಆರೂ ಜನ ನೇಕಾರರ ಒಂದೇ ಓಣಿಯವರು. ಅವರಲ್ಲಿ ಎಲ್ಲರಿಗಿಂತ ಚುರುಕು ನೀಲವ್ವ. ಬಸ್ಸಿನಲ್ಲಿ ಮೊದಲು ಕಂಡ ಪತ್ರಿಕೆ ಅವಳದೇ.

ಅವರ ಕ್ರಮಸಂಖ್ಯೆಗಳು ಬೇರೆ ಬೇರೆ. ಪರೀಕ್ಷೆಯ ಕೋಣೆಯಲ್ಲಿ ದೂರ ದೂರ ಕೂತಿದ್ದರು. ಒಬ್ಬರದನ್ನು ಒಬ್ಬರು ನೋಡಿ ಬರೆಯಲು ಸಾಧ್ಯವಿರಲಿಲ್ಲ. ಹಾಗಾದರೆ ಚೀಟಿ? ಪ್ರಶ್ನೆಪತ್ರಿಕೆ ಮೊದಲೇ ಹೊರಗೆ ಹೋಗಿತ್ತೆ? ಪ್ರಶ್ನೆಪತ್ರಿಕೆ ಇಟ್ಟಿದ್ದ ಬೀರುವಿನ ಕೀಲಿಕೈ ಆ ವಾರವೆಲ್ಲ ನನ್ನ ಬಳಿಯೇ ಇತ್ತು. ಒಂದು ದಿನ ಮಾತ್ರ ಮೇಜಿನ ಮೇಲೆ ಮರೆತು ಊಟಕ್ಕೆ ಹೋಗಿದ್ದೆ. ಅದು ನೆನಪಾದೊಡನೆ ಗುಮಾಸ್ತರ ಮುಖ, ನೀರು ತರುವ ಮಲ್ಲಮ್ಮನ ಮುಖ, ಎಲ್ಲದರಲ್ಲೂ ಏನೋ ಅಡಗಿದಂತೆ ಕಾಣತೊಡಗಿತು. ಮರುದಿನ ಬೆಳಿಗ್ಗೆ ಆರೂ ಹುಡುಗಿಯರ ಕಂಪಾಸು ಪೆಟ್ಟಿಗೆಗಳನ್ನು ಕೊಡವಿಸಿದೆ. ಗಡಿಯಾರದ ಮುರಿದ ಮುಳ್ಳಿನಂಥ ಒಂದು ತಂತಿ, ಹುಣಸೆಬೀಜ, ಎರಡು ಹೇರ್‌ಪಿನ್ನು ಬಿದ್ದವು. ನೀಲವ್ವ ಬಗ್ಗಿ ಹುಣಸೆಬೀಜಗಳನ್ನು ಒಂದೊಂದಾಗಿ ಆರಿಸಿಕೊಂಡಳು. ಯಾಕೆ ಕೊಡವಿಸಿದಿರೆಂದು ಅವಳು ಕೇಳಲಿಲ್ಲ. ಕೇಳದಿರುವುದೂ ನನಗೆ ಅನುಮಾನಕ್ಕೆ ಕಾರಣವಾಯಿತು.

ಹೆಡ್‌ಮಾಸ್ತರರಿಗೆ ಹೇಳದೆ ಇರುವಂತಿರಲಿಲ್ಲ. ಆರೂ ಪತ್ರಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ಅವರು ಕನ್ನಡಕ ಏರಿಸಿ ಓದಿದರು, ಇಳಿಸಿ ನನ್ನನ್ನು ನೋಡಿದರು.

“ಪರೀಕ್ಷಾ ಖೋಲ್ಯಾಗ ಯಾರ ಇದ್ದರು?”

“ನಾನರಿ ಸರ್.”

“ಪೇಪರ್ ತಗದಾವ್ರು?”

“ಅದೂ ನಾನರಿ.”

ಅವರು ನಾನು ಉಟ್ಟಿದ್ದ ಸೀರೆಯ ಸೆರಗಿನ ಕಡೆ ಕಣ್ಣು ಹಾಯಿಸಿದರು. “ಭಾಳ ಚಲೋ ಐತಿ ಸೀರಿ. ಯಾರ ಮನ್ಯಾಗ ನೇಯ್ಸಿದ್ರಿ ಅಕ್ಕಾರ?”

ಅದು ನೀಲವ್ವನ ತಾಯಿ ಗೌರವ್ವ ನೇಯ್ದ ಸೀರೆ. ಹೇಳಿದೆ. ಹೇಳಿದ ಮೇಲೆ, ಅವರು ಯಾಕೆ ಕೇಳಿದರೆಂದು ಹೊಳೆದು ಕಿವಿ ಬಿಸಿಯಾಯಿತು. ಅವರು “ಹೂಂ” ಎಂದರು, ಅಷ್ಟೆ. ಆಮೇಲೆ ತೀರ್ಮಾನ ಹೇಳಿದರು: “ಸೋಮವಾರ ಮಧ್ಯಾಹ್ನ ಹೆಸರಿನ ಯಾದಿ ಕಳಸ್ತೇನಿ. ಅಷ್ಟರಾಗ ಇದು ಹ್ಯಾಂಗಾತು ಅಂತ ತಿಳೀಲಿಲ್ಲ ಅಂದ್ರ ಈ ಆರು ಹೆಸರು ಹೋಗೂದಿಲ್ಲ. ಮುಂದಿನ ವರ್ಷ ಕುಂದರ್ಲಿ.”

ಮುಂದಿನ ವರ್ಷ ಎಂಬುದು ನೀಲವ್ವನ ಪಾಲಿಗೆ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಹತ್ತನೆಯದು ಈ ಸಲ ಮುಗಿಸಿದರೆ ಟೀಚರ್ಸ್ ಟ್ರೇನಿಂಗಿಗೆ ಕಳಿಸಲು ಬಾಗಲಕೋಟೆಯ ಸೋದರಮಾವ ಒಪ್ಪಿದ್ದ. ತಪ್ಪಿದರೆ ಅವಳಿಗೂ ಒಂದು ಮಗ್ಗ ಹಾಕಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಗೌರವ್ವ ಸೀರೆ ಕೊಡುವಾಗ ಇದನ್ನೆಲ್ಲ ನನ್ನ ಮುಂದೆ ಹೇಳಿಕೊಂಡಿದ್ದಳು. ಈಗ ಆ ಮಾತೂ ಬೇರೆ ಅರ್ಥ ಕೊಡತೊಡಗಿತು. ಯಾಕೆ ನನ್ನ ಮುಂದೆಯೇ ಹೇಳಿದಳು?

ಶನಿವಾರ ಆರೂ ಪತ್ರಿಕೆಗಳನ್ನು ಮತ್ತೆ ಮೊದಲಿನಿಂದ ನೋಡಿದೆ. ಆಗ ಕಂಡದ್ದು, ವ್ಯಾಕರಣದ ಭಾಗದಲ್ಲಿ ಆರೂ ಜನರ ತಪ್ಪುಗಳು ಬೇರೆ ಬೇರೆ. ಒಬ್ಬಳು ಭೂತಕಾಲದಲ್ಲಿ ಎಡವಿದ್ದರೆ ಇನ್ನೊಬ್ಬಳು ಕರ್ಮಣಿ ಪ್ರಯೋಗದಲ್ಲಿ. ನೀಲವ್ವನದು ಹೆಚ್ಚುಕಡಿಮೆ ಎಲ್ಲ ಸರಿ, ಪಕ್ಕದ ಮನೆಯ ಶಾಂತವ್ವನದು ಹೆಚ್ಚುಕಡಿಮೆ ಎಲ್ಲ ತಪ್ಪು. ಪ್ರಶ್ನೆಪತ್ರಿಕೆ ಸಿಕ್ಕಿದ್ದರೆ ವ್ಯಾಕರಣವನ್ನು ಯಾಕೆ ಬಿಟ್ಟರು? ಚೀಟಿ ತಂದಿದ್ದರೆ ಅದರಲ್ಲಿ ಇಂಥ ತಪ್ಪು ಉತ್ತರವನ್ನು ಯಾರು ಬರೆದು ಕೊಟ್ಟರು? ಹಾಜರಿ ಪುಸ್ತಕ ತೆಗೆದೆ. ನಾನು ದೇಶಗಳ ನೋಟ್ಸ್ ಬರೆಸಿದ್ದು ದೀಪಾವಳಿಗೆ ಮುಂಚಿನ ವಾರ. ಆ ವಾರ ಆರೂ ಜನ ಗೈರು. ಹಬ್ಬದ ಸೀರೆಗಳ ಕೆಲಸವಿದ್ದಾಗ ಆ ಓಣಿಯ ಮಕ್ಕಳು ಶಾಲೆಗೆ ಬರುವುದಿಲ್ಲ. ಅದು ಪ್ರತಿ ವರ್ಷದ ಪದ್ಧತಿ. ತಿರುಗಿ ಬಂದಾಗ “ಯಾರದರೆ ನೋಡಿ ಬರಕೋರಿ” ಎಂದು ಹೇಳಿ ನಾನು ಮುಂದಿನ ಪಾಠಕ್ಕೆ ಹೋಗಿದ್ದೆ.

ಯಾರದನ್ನು ನೋಡಿದರು?

ಭಾನುವಾರ, ಯಾರಿಗೂ ತಿಳಿಸದೆ, ಹತ್ತರ ಬಸ್ಸಿಗೆ ಇಳಕಲ್ಲಿಗೆ ಹೋದೆ. ಹೇಳದೆ ಹೋದದ್ದು ಹಿಡಿಯಬೇಕೆಂದೇ. ಗೌರವ್ವನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಕೂಗದೆ ಗೋಡೆಗೆ ಒತ್ತಿ ನಿಂತೆ. ಒಳಗೆ ಮಗ್ಗದ ಸಪ್ಪಳ. ಅದರ ಲಯಕ್ಕೆ ಸರಿಯಾಗಿ ಒಂದು ಧ್ವನಿ ಇಂಗ್ಲಿಷ್ ಓದುತ್ತಿತ್ತು. ಬೇರೆ ಧ್ವನಿಗಳು ಅದನ್ನೇ ತಿರುಗಿ ಹೇಳುತ್ತಿದ್ದವು. ಲಂಡನ್ ಆಯಿತು, ಥೇಮ್ಸ್ ಆಯಿತು, ರಾಣಿ, ಚಹಾ. ಹಾಳೆ ತಿರುವಿದ ಶಬ್ದ ಬಂತು. ಓದು ಒಂದು ಉಸಿರೂ ನಿಲ್ಲಲಿಲ್ಲ: “ಟು ಬಿಗ್ ಐಲ್ಯಾಂಡ್ಸ್.” ಉಳಿದ ಧ್ವನಿಗಳೂ ಹೇಳಿದವು, “ಟು ಬಿಗ್ ಐಲ್ಯಾಂಡ್ಸ್.”

ಒಳಗೆ ಹೋದೆ. ಐದು ಹುಡುಗಿಯರು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿಗೆ ಅಲ್ಲಿ ಕಂಡಿಕೆ ಎನ್ನುತ್ತಾರೆ. ಕೈಗಳು ಖಾಲಿ ಇಲ್ಲದ್ದರಿಂದ ಪುಸ್ತಕ ಹಿಡಿದವಳು ಒಬ್ಬಳೇ, ನೀಲವ್ವ. ಗೌರವ್ವ ಕುಣಿಮಗ್ಗದ ತಗ್ಗಿನೊಳಗೆ ಕಾಲಿಳಿಬಿಟ್ಟು ಕೂತಿದ್ದಳು. ನನ್ನನ್ನು ಕಂಡು ಮಗ್ಗ ನಿಂತಿತು.

“ಬರ್ರಿ ಅಕ್ಕಾರ. ಹೇಳಿ ಕಳಸಿದ್ರ ನೆಲಾನರ ಸಾರಸ್ತಿದ್ನೆಲ್ರಿ,” ಎಂದಳು ಗೌರವ್ವ.

ನೀಲವ್ವನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡೆ. “ಯಾರ ವಹಿ ಇದು?”

“ನಮ್ಮಕ್ಕಂದರಿ. ಗುಳೇದಗುಡ್ಡಕ್ಕ ಕೊಟ್ಟೇವಲ್ರಿ, ಕಮಲಕ್ಕ. ಆಕಿ ನಿಮ್ಮ ಕೈಯಾಗ ಕಲತಿದ್ಳರಿ.”

ಹೌದು, ಕಮಲವ್ವ. ಎರಡು ವರ್ಷದ ಹಿಂದಿನ ಹುಡುಗಿ. ಅಕ್ಷರ ಅವಳದು, ಮಾತು ನನ್ನದು. ನಾನು ಹೇಳಿ ಬರೆಸಿದ್ದ ವಾಕ್ಯಗಳು, ಅಲ್ಪವಿರಾಮ ಸಮೇತ. ಇಂಗ್ಲೆಂಡಿನ ಚಹಾದವರೆಗೆ ಒಂದು ಪುಟ. ಹಾಳೆ ತಿರುವಿದರೆ ನ್ಯೂಜಿಲೆಂಡಿನ ನಡುವಿನಿಂದ ಆರಂಭ. ಹಾಳೆ ಯಾಕೋ ದಪ್ಪ ಅನಿಸಿತು. ಬೆಳಕಿಂಡಿಯ ಕೆಳಗೆ ಹಿಡಿದು ನೋಡಿದೆ. ಒಂದರ ಹಿಂದೆ ಇನ್ನೊಂದು ಬರಹ ಮಬ್ಬಾಗಿ ಕಂಡಿತು. ಒಂದಲ್ಲ, ಎರಡು ಹಾಳೆ. ಅಂಚಿನಿಂದ ಅಂಚಿಗೆ ಅಂಟಿದ್ದವು.

ಗೌರವ್ವ ಮಗ್ಗದಿಂದಲೇ ಕತ್ತು ಚಾಚಿದಳು. “ಅದಕ ಗಂಜಿ ಚೆಲ್ಲಿತ್ತರಿ. ಹ್ವಾದ ವರ್ಷ ಓಣ್ಯಾಗ ಹಾಸು ಕಟ್ಟಿ ಗಂಜಿ ಹಚ್ಚೂ ಮುಂದ, ಇದು ಕಟ್ಟೀ ಮ್ಯಾಲಿತ್ತು. ಬಿಸಲಿಗಿ ಒಣಗಿಸಿ ಇಟ್ಟಿದ್ವಿ.”

ಸೀರೆಯ ಉದ್ದಕ್ಕೂ ಬರುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಅದನ್ನು ಬೆಳಿಗ್ಗೆ ಬೀದಿಯಲ್ಲಿ ಎಳೆದು ಕಟ್ಟಿ ಗಂಜಿ ಹಚ್ಚಿದರೆ ಎಳೆ ಬಿಗಿಯುತ್ತದೆ. ಕಾಗದಕ್ಕೂ ಆ ಗಂಜಿ ಅಷ್ಟೇ ಒಳ್ಳೆಯ ಕೆಲಸ ಮಾಡಿತ್ತು.

“ನಡುವ ಬಿಟ್ಟೈತಿ ಅಂತ ನಿನಗ ಗೊತ್ತಾಗಲಿಲ್ಲೇನ ನೀಲಾ?”

“ಕೂಡಾಕತ್ತಿತ್ತರಿ,” ಎಂದಳು ನೀಲವ್ವ. “ಮುಂದಿನ ಹಾಳಿ ಓದಿದ್ರ ಹಿಂದಿಂದಕ್ಕ ಕೂಡತಿತ್ತು. ಕುರಿ ಅಷ್ಟ್ಯಾಕ ಅಂತ ನನಗೂ ಸಂಶೇ ಬಂದಿತ್ತರಿ. ಖರೆ ಅಕ್ಕಾರು ಬರಸಿದ್ದಂದಮ್ಯಾಲ ತಪ್ಪು ಹ್ಯಾಂಗಿರತೈತಿ ಅಂತ ಬಿಟ್ಟೆ.”

ಶಾಂತವ್ವ ರಾಟೆ ಬಿಡದೆ ನಡುವೆ ಬಾಯಿ ಹಾಕಿದಳು. “ನಾ ಅಂದಿದ್ದೆರಿ, ಅಷ್ಟು ಕುರಿ ಇದ್ರ ರಾಣಿ ಕಂಬಳಿ ಹೊಚಗೊಂಡ ಕುಂತಿರಬೇಕು ಅಂತ. ಈಕಿ ನನಗ ಬೈದ್ಲು.”

ನಾನು ಅಲ್ಲಿ ನಗಲಿಲ್ಲ. ಆರೂ ಜನ ನನ್ನ ಮುಖ ನೋಡುತ್ತಿದ್ದರು. ನಾನು ಯಾಕೆ ಬಂದಿದ್ದೇನೆ ಎಂಬುದು ಅವರಿಗೆ ಆಗ ಹೊಳೆದಂತಿತ್ತು.

ಸೋಮವಾರ ನೋಟ್‌ಬುಕ್ಕನ್ನು ಹೆಡ್‌ಮಾಸ್ತರರ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಅವರು ಅಂಟಿದ ಹಾಳೆಯನ್ನು ಬೆರಳಿನಿಂದ ತಿಕ್ಕಿ ನೋಡಿದರು, ಮೂಸಿ ನೋಡಿದರು.

“ಇದನ್ನ ನಿನ್ನೆ ಸಂಜೀಕ ಯಾರೂ ಅಂಟಿಸಿಲ್ಲ ಅಂತ ನಾ ಹ್ಯಾಂಗ ನಂಬಲಿ?” ಎಂದರು. ಯಾರೂ ಎಂದರೆ ಯಾರು ಎಂದು ನಾನು ಕೇಳಲಿಲ್ಲ.

“ನೀವ ಬಿಡಿಸಿ ನೋಡ್ರಿ ಸರ್,” ಎಂದೆ.

ಮಲ್ಲಮ್ಮ ಒಂದು ಲೋಟ ನೀರು ತಂದಿಟ್ಟಳು. ಹೆಡ್‌ಮಾಸ್ತರರು ಕರವಸ್ತ್ರ ಅದ್ದಿ ಹಾಳೆಯ ಮೇಲೆ ಒತ್ತಿ ಹಿಡಿದರು, ಕಾಲು ಗಂಟೆ. ಆಮೇಲೆ ಉಗುರಿನಿಂದ ಒಂದು ಮೂಲೆ ಎತ್ತಿದರು. ಹಾಳೆಗಳು ಸಾವಕಾಶ ಬಿಟ್ಟುಕೊಂಡವು. ನಡುವಿನ ಎರಡು ಪುಟಗಳಲ್ಲಿ ಇಂಗ್ಲೆಂಡಿನ ಉಳಿದ ಆರು ವಾಕ್ಯ, ಅಮೆರಿಕ, ಕೆನಡಾ, ನ್ಯೂಜಿಲೆಂಡಿನ ತಲೆಬರಹ, ವೆಲಿಂಗ್ಟನ್. ಕೆನಡಾದ ಕೆಳಗೆ ಕೆಂಪು ಮಸಿಯಲ್ಲಿ ನನ್ನ ಸಹಿ, 1977ರ ತಾರೀಖು. ಮಸಿ ಎದುರಿನ ಪುಟಕ್ಕೂ ಹತ್ತಿ ಹಳೆಯ ಕಲೆಯಾಗಿತ್ತು. ವ್ಯಾಕರಣದ ತಪ್ಪುಗಳು ಬೇರೆ ಬೇರೆ ಇದ್ದುದನ್ನೂ ತೋರಿಸಿದೆ. ಅವರು ಆರೂ ಪತ್ರಿಕೆ ತಾವೇ ತಾಳೆ ನೋಡಿದರು. ಗುಮಾಸ್ತರನ್ನು ಕರೆದು, “ನಲವತ್ತೊಂದೂ ಬರೀರಿ” ಎಂದರು.

ನಾನು ಏಳುವಷ್ಟರಲ್ಲಿ ಅವರು ಈ ವರ್ಷದ ಇನ್ನೊಬ್ಬ ಹುಡುಗಿಯ ನೋಟ್‌ಬುಕ್ಕು ತರಿಸಿ ಕಮಲವ್ವನದರ ಪಕ್ಕದಲ್ಲಿಟ್ಟು ನೋಡುತ್ತಿದ್ದರು.

“ಅಲ್ಲ ಅಕ್ಕಾರ, ಒಂದಕ್ಷರ ಹೆಚ್ಚುಕಡಿಮಿ ಇಲ್ಲದಂಗ ವರ್ಷಾ ವರ್ಷಾ ಇದನ್ನ ಹೇಳ್ತೀರಿ?”

ಆ ಮೂರು ದಿನ ನಾನು ಕೀಲಿಕೈಯನ್ನು ಅನುಮಾನಿಸಿದ್ದೆ, ಮಲ್ಲಮ್ಮನನ್ನು, ಗೌರವ್ವನನ್ನು, ಹುಣಸೆಬೀಜ ಆರಿಸಿದ ಹುಡುಗಿಯನ್ನು ಅನುಮಾನಿಸಿದ್ದೆ. ನಾಲ್ಕು ವರ್ಷದಿಂದ ಒಂದೇ ನೋಟ್ಸ್ ಓದಿ ಬರೆಸುತ್ತಿದ್ದ ನನ್ನ ಪಾಠವನ್ನು ಅನುಮಾನಿಸಿರಲಿಲ್ಲ. ಇಂಗ್ಲೆಂಡ್ ಎಲ್ಲಿದೆ, ನ್ಯೂಜಿಲೆಂಡ್ ಎಲ್ಲಿದೆ ಎಂದು ಒಮ್ಮೆ ಬೆರಳಿಟ್ಟು ತೋರಿಸಿದ್ದರೆ, ಎರಡು ಹಾಳೆ ಅಂಟಿದರೂ ಎರಡು ದೇಶ ಅಂಟುತ್ತಿರಲಿಲ್ಲ. ಸಂಶಯ ಬಂದ ಹುಡುಗಿ ನನ್ನ ಮೇಲಿನ ನಂಬಿಕೆಯಿಂದ ಕೇಳದೆ ಬಿಟ್ಟಳು. ಮಕ್ಕಳು ನಮ್ಮನ್ನು ನಂಬುವುದಕ್ಕಿಂತ ನಮ್ಮನ್ನು ಕೇಳುವುದು ಮೇಲು ಎಂದು ಈ ಕೆಲಸ ನನಗೆ ಕಲಿಸಿತು. ಕಲಿಯಲು ಬೇಕಾದದ್ದು ಒಂದು ಬೊಗಸೆ ಗಂಜಿ. ಆ ವರ್ಷ ಆರರಲ್ಲಿ ನಾಲ್ವರು ಪಾಸಾದರು. ನೀಲವ್ವ ಮೊದಲ ದರ್ಜೆಯಲ್ಲಿ ಪಾಸಾಗಿ ಬಾಗಲಕೋಟೆಗೆ ಹೋದಳು. ಶಾಂತವ್ವ ಇಂಗ್ಲಿಷಿನಲ್ಲಿ ಫೇಲಾದಳು.

ಯಾದಿ ಕಳಿಸಿದ ವಾರದ ಶನಿವಾರ ಬೆಳಗಿನ ಶಾಲೆ ಮುಗಿಸಿ, ಬೀರುವಿನ ಮೇಲಿದ್ದ ಜಗತ್ತಿನ ನಕಾಶೆ ಝಾಡಿಸಿಕೊಂಡು ಗೌರವ್ವನ ಮನೆಗೆ ಹೋದೆ. ನೆಲದ ಮೇಲೆ ಹರಡಿ ಆರೂ ಹುಡುಗಿಯರಿಂದ ನೋಟ್ಸಿನ ಎಲ್ಲ ದೇಶಗಳ ಮೇಲೂ ಬೆರಳು ಇಡಿಸಿದೆ. ಅಷ್ಟರಲ್ಲಿ ಊಟದ ಹೊತ್ತಾಯಿತು. ಸಜ್ಜೆರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ನಾನು ಎರಡು ರೊಟ್ಟಿ ಉಂಡೆ. ಮೂರನೆಯದನ್ನು ಗೌರವ್ವ ಬಲವಂತದಿಂದ ಹಾಕಿದಳು. ಉಳಿದ ಐವರು ಹುಡುಗಿಯರು ತಮ್ಮ ತಮ್ಮ ಮನೆಗೆ ಹೋದರು. ಮೊದಲು ನಿದ್ದೆ ಹೋದವಳು ನೀಲವ್ವ. ಮಧ್ಯಾಹ್ನ ಬಿಡುವಿರಲೆಂದು ಬೆಳಗಿನ ನಾಲ್ಕಕ್ಕೇ ಎದ್ದು ಕಂಡಿಕೆ ಸುತ್ತಿದ್ದಳಂತೆ. ಕೂತಲ್ಲೇ ಗೋಡೆಗೆ ಒರಗಿದಳು. ನಾನು ದನಿ ತಗ್ಗಿಸಿ, ಸ್ವಲ್ಪ ಹೊತ್ತು ಮಗ್ಗ ಬಿಡು ಎಂದೆ.

“ಸಪ್ಪಳ ನಿಂತ್ರ ಎಚ್ಚರಾಗ್ತಾಳ್ರಿ,” ಎಂದು ಗೌರವ್ವ ಕೈ ಒರೆಸಿಕೊಂಡು ಕುಣಿಗೆ ಇಳಿದಳು. ಮಗ್ಗ ಆರಂಭವಾಯಿತು. ಎರಡನೆಯವಳಾಗಿ ನಾನು ಕಣ್ಣು ಮುಚ್ಚಿದೆ.